‘ಅನ್‌ಲಿಮಿಟೆಡ್’ ಹೋಸ್ಟಿಂಗ್ ಇದ್ದರೂ ಸಂಜೆ ಹೊತ್ತಿಗೆ ಸೈಟ್ ಮಲಗುವುದೇಕೆ?

ಪ್ರಶ್ನೆ: ಸಾಗರದಿಂದ ಅಡಿಕೆ ಧಾರಣೆಯ ವರ್ಡ್‌ಪ್ರೆಸ್ ಸೈಟ್ ನಡೆಸುತ್ತಿದ್ದೇನೆ. ಶಿವಮೊಗ್ಗ, ಸಾಗರ ಮಾರುಕಟ್ಟೆಗಳ ರಾಶಿ, ಬೆಟ್ಟೆ, ಗೊರಬಲು, ಚಾಲಿ ದರಗಳನ್ನು ಪ್ರತಿ ಸಂಜೆ ಹಾಕುತ್ತೇನೆ. ಜೊತೆಗೆ ಜೋಗದ ಸುತ್ತಲಿನ ಹೋಂಸ್ಟೇಗಳ ಮಾಹಿತಿ, ಫೋಟೋಗಳೂ ಇವೆ. ಹೋಸ್ಟಿಂಗ್ ‘ಅನ್‌ಲಿಮಿಟೆಡ್’ ಪ್ಲ್ಯಾನ್. ಆದರೂ ವಾಟ್ಸ್‌ಆ್ಯಪ್ ಗುಂಪುಗಳಿಗೆ ಲಿಂಕ್ ಹಾಕಿದ ಸ್ವಲ್ಪ ಹೊತ್ತಿಗೇ ‘508 ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್’ ಎಂದು ಬರುತ್ತದೆ, ಕೆಲವೊಮ್ಮೆ 503. ಅರ್ಧ ಗಂಟೆ ಬಿಟ್ಟರೆ ತಾನಾಗಿಯೇ ಸರಿಯಾಗುತ್ತದೆ. ಹೋದ ವಾರದಿಂದ ಫೋಟೋ ಅಪ್‌ಲೋಡ್ ಕೂಡ ಆಗುತ್ತಿಲ್ಲ. ಬಳಕೆಯಾದ ಡಿಸ್ಕ್ ನೋಡಿದರೆ ಬರೀ 9 ಜಿಬಿ. ಕಂಪನಿಯವರು ದುಬಾರಿ ಪ್ಲ್ಯಾನ್ ತಗೊಳ್ಳಿ ಅನ್ನುತ್ತಿದ್ದಾರೆ. ತಗೊಳ್ಳಲೇಬೇಕೆ?

ಉತ್ತರ: ಈಗಲೇ ಬೇಡ. ನಿಮಗೆ ಬಂದಿರುವುದು ಎರಡು ಬೇರೆ ಬೇರೆ ತೊಂದರೆ. ಸಂಜೆಯ 508 ಒಂದು ಕಾರಣದಿಂದ, ಅಪ್‌ಲೋಡ್ ನಿಂತದ್ದು ಇನ್ನೊಂದು ಕಾರಣದಿಂದ. ಎರಡಕ್ಕೂ ಡಿಸ್ಕ್ ಜಾಗಕ್ಕೂ ಬ್ಯಾಂಡ್‌ವಿಡ್ತ್‌ಗೂ ಸಂಬಂಧವಿಲ್ಲ. ಜಾಹೀರಾತಿನಲ್ಲಿ ‘ಅನ್‌ಲಿಮಿಟೆಡ್’ ಎಂದು ಬರೆಯುವುದು ಸಾಮಾನ್ಯವಾಗಿ ಇವೆರಡಕ್ಕೇ. ನಿಮ್ಮನ್ನು ಕಟ್ಟಿಹಾಕಿದ ಮಿತಿಗಳು ಪ್ಲ್ಯಾನ್‌ನ ಪಟ್ಟಿಯಲ್ಲಿ ಕಾಣುವುದಿಲ್ಲ. ಕಂಪನಿಯ ಷರತ್ತುಗಳ ಉದ್ದನೆಯ ಪುಟದಲ್ಲಿ ‘ಫೇರ್ ಯೂಸ್’ ಎಂಬ ತಲೆಬರಹದ ಕೆಳಗೆ ಇರುತ್ತವೆ, ಇಲ್ಲವೇ ಕಂಟ್ರೋಲ್ ಪ್ಯಾನೆಲ್‌ನ ಒಂದು ಮೂಲೆಯಲ್ಲಿ.

ಮೊದಲು ಆ ಮೂಲೆಗೇ ಹೋಗಿ. ಸಿಪ್ಯಾನೆಲ್‌ಗೆ ಲಾಗಿನ್ ಆಗಿ ‘ಮೆಟ್ರಿಕ್ಸ್’ ಭಾಗದಲ್ಲಿ ‘ರಿಸೋರ್ಸ್ ಯೂಸೇಜ್’ ತೆರೆದು ‘ಡಿಟೇಲ್ಸ್’ ಒತ್ತಿ. ಈ ಐಕಾನ್ ಇದೆ ಎಂದರೆ ನಿಮ್ಮ ಸರ್ವರ್ ಕ್ಲೌಡ್‌ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಯುತ್ತಿದೆ ಎಂದರ್ಥ. ಒಂದೇ ಯಂತ್ರದಲ್ಲಿರುವ ನೂರಾರು ಗ್ರಾಹಕರಲ್ಲಿ ಒಬ್ಬರು ಉಳಿದವರ ಪಾಲನ್ನು ನುಂಗದಂತೆ ಅದು ಪ್ರತಿ ಖಾತೆಯ ಸುತ್ತ ಬೇಲಿ ಹಾಕುತ್ತದೆ. ಕ್ಲೌಡ್‌ಲಿನಕ್ಸ್ ಜೊತೆ ಬರುವ ಮೂಲ ಅಳತೆ ಹೀಗಿದೆ: ಸಿಪಿಯು 100%, ಅಂದರೆ ಒಂದು ಕೋರ್, ಮೆಮೊರಿ 1 ಜಿಬಿ, ಎಂಟ್ರಿ ಪ್ರೋಸೆಸ್ (ಒಂದೇ ಹೊತ್ತಿಗೆ ಒಳಗೆ ನಡೆಯುತ್ತಿರುವ ಪುಟದ ಕೋರಿಕೆಗಳು) 20, ಒಟ್ಟು ಪ್ರೋಸೆಸ್ 100, ಡಿಸ್ಕ್ ಓದು-ಬರಹ ಸೆಕೆಂಡಿಗೆ 1 ಎಂಬಿ, ಐಓಪಿಎಸ್ (ಸೆಕೆಂಡಿಗೆ ಎಷ್ಟು ಸಲ ಓದು-ಬರಹ) 1024. ಕಂಪನಿಗಳು ಇದನ್ನು ಪ್ಲ್ಯಾನ್‌ಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತವೆ. ನಿಮ್ಮ ಖಾತೆಯ ಅಂಕಿಗಳು ಅದೇ ಪುಟದಲ್ಲಿ ಗ್ರಾಫ್‌ಗಳ ಮೇಲೆ ಕೆಂಪು ಗೆರೆಯಾಗಿ ಕಾಣುತ್ತವೆ. ಬರೆದಿಟ್ಟುಕೊಳ್ಳಿ.

ಈ ಮಿತಿಗಳೆಲ್ಲ ಒಂದೇ ರೀತಿ ನಡೆದುಕೊಳ್ಳುವುದಿಲ್ಲ, ಹೆಚ್ಚಿನವರು ಎಡವುವುದೂ ಇಲ್ಲೇ. ಸಿಪಿಯು ಮಿತಿ ಮುಟ್ಟಿದರೆ ಎರರ್ ಬರುವುದಿಲ್ಲ, ಸೈಟ್ ನಿಧಾನವಾಗುತ್ತದೆ ಅಷ್ಟೆ. ಡಿಸ್ಕ್ ಓದು-ಬರಹದ ಮಿತಿಯೂ ಹಾಗೆಯೇ. ಎಂಟ್ರಿ ಪ್ರೋಸೆಸ್ ಮಿತಿ ಮುಟ್ಟಿದರೆ ಮಾತ್ರ 508 ಬರುತ್ತದೆ. ಮೆಮೊರಿ ಅಥವಾ ಒಟ್ಟು ಪ್ರೋಸೆಸ್ ಮಿತಿ ದಾಟಿದರೆ 500 ಇಲ್ಲವೇ 503. ಹಾಗಾಗಿ ತೆರೆಯ ಮೇಲೆ ಕಂಡ ನಂಬರ್ ಹಿಡಿದುಕೊಂಡು ‘ನನಗೆ ಎಂಟ್ರಿ ಪ್ರೋಸೆಸ್ ಸಾಲುತ್ತಿಲ್ಲ, 40 ಇರುವ ಪ್ಲ್ಯಾನ್ ಕೊಡಿ’ ಎಂದು ಕೇಳಿದರೆ ದುಡ್ಡು ಹೋಗುತ್ತದೆ, ತೊಂದರೆ ಹೋಗುವುದಿಲ್ಲ.

ನಿಮ್ಮ ಸಂಜೆಯನ್ನೇ ಲೆಕ್ಕ ಹಾಕೋಣ. ಲಿಂಕ್ ಹೋದ ಮೇಲೆ 5 ನಿಮಿಷದಲ್ಲಿ 600 ಜನ ತೆರೆದರು ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 2. ಇಪ್ಪತ್ತೈದು ಮೂವತ್ತು ಪ್ಲಗಿನ್ ಇರುವ, ಕ್ಯಾಶ್ (ಒಮ್ಮೆ ತಯಾರಾದ ಪುಟದ ಉಳಿಸಿಟ್ಟ ಪ್ರತಿ) ಇಲ್ಲದ ವರ್ಡ್‌ಪ್ರೆಸ್ ಪುಟವೊಂದನ್ನು ತಯಾರಿಸಲು 0.8 ಸೆಕೆಂಡ್ ಸಿಪಿಯು ಬೇಕಾಗುವುದು ಅಪರೂಪವೇನಲ್ಲ. ಆಗ ಒಂದು ಕೋರ್ ಸೆಕೆಂಡಿಗೆ ಕೊಡಬಲ್ಲದ್ದು 1.25 ಪುಟ. ಬರುವವರು 2, ಹೊರಡುವವರು 1.25, ಪ್ರತಿ ಸೆಕೆಂಡಿಗೆ 0.75 ಜನ ಒಳಗೇ ಉಳಿಯುತ್ತಾರೆ. 20 ಎಂಟ್ರಿ ಪ್ರೋಸೆಸ್ ತುಂಬಲು ಅರ್ಧ ನಿಮಿಷ ಕೂಡ ಬೇಡ. ಮಂಡಿಯಲ್ಲಿ ತಕ್ಕಡಿ ಒಂದೇ ಇದ್ದಾಗ ಮೂಟೆ ಇಳಿಸುವ ಅಂಗಳವನ್ನು ಎಷ್ಟು ದೊಡ್ಡದು ಮಾಡಿದರೂ ತೂಕ ಬೇಗ ಮುಗಿಯುವುದಿಲ್ಲವಲ್ಲ, ಇದೂ ಅಷ್ಟೆ. ಇಲ್ಲಿ ಸಿಪಿಯು ತಕ್ಕಡಿ, ಎಂಟ್ರಿ ಪ್ರೋಸೆಸ್ ಬರೀ ಅಂಗಳ.

ಇಪ್ಪತ್ತೂ ಜಾಗ ತುಂಬಿದಾಗ ಒಂದೇ ಕೋರ್ ಇಪ್ಪತ್ತು ಪಾಲಾಗುತ್ತದೆ. 0.8 ಸೆಕೆಂಡಿನ ಪುಟ 16 ಸೆಕೆಂಡ್ ತೆಗೆದುಕೊಳ್ಳುತ್ತದೆ. ನಮ್ಮ ಕಡೆ ನೆಟ್‌ವರ್ಕ್ ಹೇಗಿದೆ ಗೊತ್ತಲ್ಲ; ಪುಟ ತೆರೆಯದಿದ್ದರೆ ಸಿಗ್ನಲ್ ಇಲ್ಲವೆಂದುಕೊಂಡು ಜನ ತೆರೆಯನ್ನು ಕೆಳಕ್ಕೆಳೆದು ರಿಫ್ರೆಶ್ ಮಾಡುತ್ತಾರೆ. ಪ್ರತಿ ರಿಫ್ರೆಶ್ ಹೊಸ ಪಿಎಚ್‌ಪಿ (ವರ್ಡ್‌ಪ್ರೆಸ್ ಪುಟವನ್ನು ತಯಾರಿಸುವ ಪ್ರೋಗ್ರಾಂ) ಕೆಲಸವನ್ನು ಶುರು ಮಾಡುತ್ತದೆ, ಹಳೆಯದು ಅಲ್ಲಿಗೇ ನಿಲ್ಲುವುದಿಲ್ಲ. ಬ್ರೌಸರ್ ಕೈಬಿಟ್ಟಿದೆ ಎಂಬುದು ಪಿಎಚ್‌ಪಿಗೆ ತಿಳಿಯುವುದು ಅದು ಏನನ್ನಾದರೂ ಹೊರಗೆ ಕಳಿಸಲು ಹೊರಟಾಗ ಮಾತ್ರ. ಅಷ್ಟರ ತನಕ ಯಾರೂ ನೋಡದ ಪುಟವನ್ನು ಸರ್ವರ್ ತಯಾರಿಸುತ್ತಲೇ ಇರುತ್ತದೆ. ಸೈಟ್ ಮಲಗಿದ ಮೇಲೆ ಏಳಲು ಅಷ್ಟು ಹೊತ್ತು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಕೆಲವೊಮ್ಮೆ 503 ಬರುವುದೇಕೆ? ಪ್ಲಗಿನ್ ಹೆಚ್ಚಿರುವ ಸೈಟಿನಲ್ಲಿ ಒಂದು ಪಿಎಚ್‌ಪಿ ಪ್ರೋಸೆಸ್ 80 ಎಂಬಿ ತಿಂದರೆ 1 ಜಿಬಿಯಲ್ಲಿ ಹಿಡಿಸುವುದು ಹನ್ನೆರಡೋ ಹದಿಮೂರೋ. ಅಂದರೆ 20ರ ಮಿತಿ ಮುಟ್ಟುವ ಮೊದಲೇ ಮೆಮೊರಿ ಮುಗಿಯುತ್ತದೆ. ಎಂಟ್ರಿ ಪ್ರೋಸೆಸ್ ದುಪ್ಪಟ್ಟು ಮಾಡಿ ಮೆಮೊರಿ ಹಾಗೇ ಬಿಟ್ಟ ಪ್ಲ್ಯಾನ್ ನಿಮಗೆ ಮಾರಿದರೆ 508ರ ಬದಲು 503 ಬರುತ್ತದೆ, ಬೇರೇನಿಲ್ಲ.

ಹಾಗಾಗಿ ಮಾಡಬೇಕಾದ್ದು ಪಿಎಚ್‌ಪಿಯನ್ನು ಎಬ್ಬಿಸದೆ ಪುಟ ಕೊಡುವುದು. ಧಾರಣೆ ಪುಟ ದಿನಕ್ಕೆ ಒಂದು ಸಲ ಬದಲಾಗುತ್ತದೆ. ಅದನ್ನು 600 ಜನರಿಗೆ 600 ಸಲ ಹೊಸದಾಗಿ ತಯಾರಿಸುವ ಅಗತ್ಯವೇ ಇಲ್ಲ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ‘ನೆಟ್‌ವರ್ಕ್’ ಟ್ಯಾಬ್ ತೆರೆದು ಪುಟವನ್ನು ಲೋಡ್ ಮಾಡಿ, ಮೊದಲ ಸಾಲು ಒತ್ತಿ, ‘ಸರ್ವರ್’ ಎಂಬ ಹೆಡರ್ ನೋಡಿ. ‘ಲೈಟ್‌ಸ್ಪೀಡ್’ ಎಂದಿದ್ದರೆ ನಿಮ್ಮ ಅದೃಷ್ಟ: ಉಚಿತವಾದ ಲೈಟ್‌ಸ್ಪೀಡ್ ಕ್ಯಾಶ್ ಪ್ಲಗಿನ್ ಹಾಕಿ. ಆಗ ಪುಟ ಸರ್ವರ್ ಮಟ್ಟದಲ್ಲೇ ಸಿಗುತ್ತದೆ, ಎಂಟ್ರಿ ಪ್ರೋಸೆಸ್ ಲೆಕ್ಕಕ್ಕೇ ಬರುವುದಿಲ್ಲ. ‘ಅಪಾಚೆ’ ಎಂದಿದ್ದರೆ ಡಬ್ಲ್ಯುಪಿ ಸೂಪರ್ ಕ್ಯಾಶ್ ಹಾಕಿ ‘ಎಕ್ಸ್‌ಪರ್ಟ್’ ಮೋಡ್ ಆರಿಸಿ. ಅದರ ‘ಸಿಂಪಲ್’ ಮೋಡ್‌ನಲ್ಲಿ ಪಿಎಚ್‌ಪಿ ಸ್ವಲ್ಪ ಹೊತ್ತಾದರೂ ಏಳುತ್ತದೆ, ಎಕ್ಸ್‌ಪರ್ಟ್‌ನಲ್ಲಿ ಏಳುವುದೇ ಇಲ್ಲ. ಎರಡು ಕ್ಯಾಶ್ ಪ್ಲಗಿನ್ ಒಟ್ಟಿಗೆ ಬೇಡ; ಒಂದು ಅಳಿಸಿದ್ದನ್ನು ಇನ್ನೊಂದು ಹಿಡಿದಿಟ್ಟುಕೊಂಡು ನಿನ್ನೆಯ ದರವನ್ನೇ ತೋರಿಸುತ್ತಿರುತ್ತದೆ.

ಕ್ಯಾಶ್ ಹಾಕಿದ ಮೇಲೂ ಸಂಜೆ ಸೈಟ್ ಬೀಳುತ್ತದೆ ಎನ್ನುವವರಿದ್ದಾರೆ. ಅವರ ಸೈಟಿನಲ್ಲಿ ಸಾಮಾನ್ಯವಾಗಿ ನಡೆಯುವುದು ಇದು: ದರ ಅಪ್‌ಡೇಟ್ ಮಾಡಿದ ಕೂಡಲೇ ಪ್ಲಗಿನ್ ಹಳೆಯ ಕ್ಯಾಶ್ ಅಳಿಸುತ್ತದೆ, ಅದೇ ಕ್ಷಣ ಲಿಂಕ್ ಗುಂಪುಗಳಿಗೆ ಹೋಗುತ್ತದೆ. ಹೊಸ ಕ್ಯಾಶ್ ತಯಾರಾಗುವ ಮೊದಲೇ ಹತ್ತಿಪ್ಪತ್ತು ಜನ ನುಗ್ಗುತ್ತಾರೆ, ಎಲ್ಲರಿಗೂ ಪಿಎಚ್‌ಪಿಯೇ ಉತ್ತರಿಸಬೇಕು. ಪರಿಹಾರ ಸುಲಭ. ‘ಅಪ್‌ಡೇಟ್’ ಒತ್ತಿದ ಮೇಲೆ ಪ್ರೈವೇಟ್ ವಿಂಡೋದಲ್ಲಿ, ಅಂದರೆ ಲಾಗಿನ್ ಆಗಿರದ ಬ್ರೌಸರ್‌ನಲ್ಲಿ, ಆ ಪುಟವನ್ನು ಎರಡು ಸಲ ತೆರೆಯಿರಿ. ಎರಡನೆಯ ಸಲ ಹೆಡರ್‌ಗಳಲ್ಲಿ ‘ಎಕ್ಸ್-ಲೈಟ್‌ಸ್ಪೀಡ್-ಕ್ಯಾಶ್: ಹಿಟ್’ ಕಂಡರೆ ಆಮೇಲೆ ಲಿಂಕ್ ಕಳಿಸಿ. ಕ್ಯಾಶ್ ಸಂಗ್ರಹ ಮೊಬೈಲ್‌ಗೆ ಬೇರೆ, ಕಂಪ್ಯೂಟರ್‌ಗೆ ಬೇರೆ ಎಂದು ಸೆಟ್ ಆಗಿದ್ದರೆ ಮೊಬೈಲ್‌ನಲ್ಲೂ ಒಮ್ಮೆ ತೆರೆಯಬೇಕು. ಗುಂಪುಗಳಿಗೆ ಒಂದೇ ಏಟಿಗೆ ಕಳಿಸುವ ಬದಲು ನಾಲ್ಕೈದು ನಿಮಿಷ ಬಿಟ್ಟು ಬಿಟ್ಟು ಕಳಿಸಿದರೂ ನಷ್ಟವಿಲ್ಲ, ದರ ಅಷ್ಟರಲ್ಲಿ ಬದಲಾಗುವುದಿಲ್ಲ.

ಫೇಸ್‌ಬುಕ್‌ನಲ್ಲೂ ಲಿಂಕ್ ಹಾಕುತ್ತೀರಾದರೆ ಇನ್ನೊಂದು ಕಂಟಕವಿದೆ. ಅಲ್ಲಿಂದ ಬರುವವರ ವಿಳಾಸದ ಬಾಲಕ್ಕೆ ‘ಎಫ್‌ಬಿಕ್ಲಿಡ್’ ಎಂಬ ಉದ್ದನೆಯ ಗುರುತು ಅಂಟಿಕೊಂಡಿರುತ್ತದೆ, ಒಬ್ಬೊಬ್ಬರಿಗೂ ಬೇರೆ ಬೇರೆ. ಕ್ಯಾಶ್ ಅದನ್ನು ಬೇರೆಯೇ ಪುಟವೆಂದು ತಿಳಿದು ಪ್ರತಿ ಸಲ ಪಿಎಚ್‌ಪಿಗೆ ದಾಟಿಸುತ್ತದೆ. ಲೈಟ್‌ಸ್ಪೀಡ್ ಕ್ಯಾಶ್‌ನಲ್ಲಿ ‘ಡ್ರಾಪ್ ಕ್ವೆರಿ ಸ್ಟ್ರಿಂಗ್’ ಎಂಬ ಆಯ್ಕೆ ಇದೆ. ಅದರ ಪಟ್ಟಿಯಲ್ಲಿ ಈ ಹೆಸರು ಇದೆಯೇ ನೋಡಿ.

ಕ್ಲೌಡ್‌ಫ್ಲೇರ್ (ನಿಮ್ಮ ಸರ್ವರ್ ಮತ್ತು ಓದುಗರ ನಡುವೆ ನಿಂತು ಪ್ರತಿಗಳನ್ನು ಹಂಚುವ ಸೇವೆ) ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಹಾಕುವುದರಿಂದ ಕೆಡುಕಿಲ್ಲ, ಆದರೆ ಅದು ತಾನಾಗಿ ಕ್ಯಾಶ್ ಮಾಡುವುದು ಚಿತ್ರ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ಗಳನ್ನಷ್ಟೆ. ಎಚ್‌ಟಿಎಂಎಲ್ ಪುಟ ಪ್ರತಿ ಸಲವೂ ನಿಮ್ಮ ಸರ್ವರ್‌ನಿಂದಲೇ ಬರುತ್ತದೆ, ಎಂಟ್ರಿ ಪ್ರೋಸೆಸ್ ಖರ್ಚಾಗುವುದೂ ಅದಕ್ಕೇ. ಧಾರಣೆ ಪುಟದ ವಿಳಾಸಕ್ಕೆ ಮಾತ್ರ ಒಂದು ಕ್ಯಾಶ್ ರೂಲ್ ಬರೆದು ಅದನ್ನೂ ಹಿಡಿದಿಡಲು ಹೇಳಬಹುದು. ಉಚಿತ ಪ್ಲ್ಯಾನ್‌ನಲ್ಲಿ ಕನಿಷ್ಠ ಅವಧಿ 2 ಗಂಟೆ. ದರ ಬದಲಿಸಿದಾಗ ಆ ವಿಳಾಸವನ್ನು ಕೈಯಾರೆ ‘ಪರ್ಜ್’ ಮಾಡದಿದ್ದರೆ, ಅಂದರೆ ಉಳಿಸಿಟ್ಟ ಪ್ರತಿಯನ್ನು ಅಳಿಸದಿದ್ದರೆ, ಜನರಿಗೆ ಹಳೆಯ ದರವೇ ಕಾಣುತ್ತದೆ. ಸರ್ವರ್ ಹೇಳುವ ಕ್ಯಾಶ್ ಸೂಚನೆಯನ್ನು ಕಡೆಗಣಿಸುವಂತೆ ರೂಲ್ ಬರೆದಿದ್ದರೆ ಪರ್ಜ್ ಮಾಡಿದ ಕೂಡಲೇ ಲಾಗಿನ್ ಆಗಿರುವ ಬ್ರೌಸರ್‌ನಲ್ಲಿ ಪುಟ ತೆರೆಯಬೇಡಿ. ಮೇಲಿನ ಕಪ್ಪು ಅಡ್ಮಿನ್ ಪಟ್ಟಿ ಸಮೇತ ಕ್ಯಾಶ್ ಆಗಿ ಊರಿಗೆಲ್ಲ ಕಾಣುತ್ತದೆ.

ಇನ್ನು ನಿಮ್ಮ ಓದುಗರಲ್ಲದ ಗಿರಾಕಿಗಳು. ರಿಸೋರ್ಸ್ ಯೂಸೇಜ್ ಪುಟದಲ್ಲಿ ‘ಸ್ನ್ಯಾಪ್‌ಶಾಟ್’ ಎಂಬ ಟ್ಯಾಬ್ ಇದೆ. ಮಿತಿ ಮುಟ್ಟಿದ ಕ್ಷಣದಲ್ಲಿ ಯಾವ ಯಾವ ಪ್ರೋಸೆಸ್, ಯಾವ ಯಾವ ವಿಳಾಸದ ಕೋರಿಕೆ ನಡೆಯುತ್ತಿತ್ತು ಎಂದು ಅದು ಪಟ್ಟಿ ಹಿಡಿದಿಟ್ಟಿರುತ್ತದೆ. ಸಂಜೆಯ ಒಂದು ಸ್ನ್ಯಾಪ್‌ಶಾಟ್ ತೆರೆದು ಸಾಲು ಸಾಲಾಗಿ ಓದಿ. ಡಬ್ಲ್ಯುಪಿ-ಲಾಗಿನ್, ಎಕ್ಸ್‌ಎಂಎಲ್‌ಆರ್‌ಪಿಸಿ (ಹೊರಗಿನ ಆ್ಯಪ್‌ಗಳು ಸೈಟಿನೊಳಗೆ ಬರುವ ದಾರಿ) ಸಾಲುಗಳು ಮತ್ತೆ ಮತ್ತೆ ಬಂದರೆ ಯಾರೋ ಪಾಸ್‌ವರ್ಡ್ ಊಹಿಸುತ್ತಿದ್ದಾರೆ. ವರ್ಡ್‌ಪ್ರೆಸ್‌ನ ಮೊಬೈಲ್ ಆ್ಯಪ್‌ನಂಥದ್ದನ್ನು ಬಳಸದಿದ್ದರೆ ಎಕ್ಸ್‌ಎಂಎಲ್‌ಆರ್‌ಪಿಸಿ ಫೈಲನ್ನು ಎಚ್‌ಟಿಆಕ್ಸೆಸ್ ಎಂಬ ಸರ್ವರ್ ಸೂಚನೆಗಳ ಫೈಲ್ ಮೂಲಕ ಪೂರ್ತಿ ಮುಚ್ಚಿಬಿಡಿ. ಇದನ್ನು ಪ್ಲಗಿನ್‌ನಿಂದ ತಡೆದರೆ ಅರ್ಧ ಲಾಭ ಮಾತ್ರ, ಏಕೆಂದರೆ ಆ ಪ್ಲಗಿನ್ ಓಡಲೂ ಪಿಎಚ್‌ಪಿ ಏಳಲೇಬೇಕು. ಅಡ್ಮಿನ್-ಅಜಾಕ್ಸ್ (ತೆರೆದ ಪುಟ ಹಿನ್ನೆಲೆಯಲ್ಲಿ ಕಳಿಸುವ ಕೋರಿಕೆ) ಸಾಲುಗಳು ಹೆಚ್ಚಿದ್ದರೆ ಎರಡು ಕಡೆ ನೋಡಿ. ನೀವೇ ಎಡಿಟರ್ ತೆರೆದಿಟ್ಟು ಚಹಾಕ್ಕೆ ಹೋಗಿರಬಹುದು. ತೆರೆದ ಟ್ಯಾಬ್ ‘ಹಾರ್ಟ್‌ಬೀಟ್’ ಹೆಸರಿನಲ್ಲಿ ಸರ್ವರ್ ಅನ್ನು ಆಗಾಗ ತಟ್ಟುತ್ತಿರುತ್ತದೆ. ಇಲ್ಲವೇ ‘ಈವರೆಗೆ ಭೇಟಿ ನೀಡಿದವರು’ ಎಂದು ಲೆಕ್ಕ ತೋರಿಸುವ ಪ್ಲಗಿನ್. ನಮ್ಮ ಸೈಟುಗಳಿಗೆ ಈ ಕೌಂಟರ್‌ನ ಮೋಹ ಬಹಳ. ಪುಟ ಕ್ಯಾಶ್‌ನಿಂದ ಬಂದರೂ ಕೌಂಟರ್ ಹಿಂಬಾಗಿಲಿನಿಂದ ಅಜಾಕ್ಸ್ ಕೋರಿಕೆ ಕಳಿಸಿ, ಪಿಎಚ್‌ಪಿ ಎಬ್ಬಿಸಿ, ಡೇಟಾಬೇಸ್‌ಗೆ ಬರೆಯುತ್ತದೆ. ಕ್ಯಾಶ್‌ನಿಂದ ಉಳಿಸಿದ್ದರ ಬಹುಪಾಲನ್ನು ಅದೊಂದೇ ಕಳೆದುಬಿಡುತ್ತದೆ. ತೆಗೆದುಹಾಕಿ.

ಡಬ್ಲ್ಯುಪಿ-ಕ್ರಾನ್ ಕೂಡ ಅಷ್ಟೆ. ವರ್ಡ್‌ಪ್ರೆಸ್ ತನ್ನ ಸಮಯದ ಕೆಲಸಗಳನ್ನು ಯಾರಾದರೂ ಸೈಟಿಗೆ ಬಂದಾಗ ಮಾಡಿಕೊಳ್ಳುತ್ತದೆ, ಅಂದರೆ ಜನ ಹೆಚ್ಚಿದ್ದಾಗಲೇ. ಡಬ್ಲ್ಯುಪಿ-ಕಾನ್ಫಿಗ್ ಫೈಲ್‌ನಲ್ಲಿ ಅದನ್ನು ನಿಲ್ಲಿಸುವ ಸಾಲು ಸೇರಿಸಿ, ಸಿಪ್ಯಾನೆಲ್‌ನ ‘ಕ್ರಾನ್ ಜಾಬ್ಸ್’ನಲ್ಲಿ 15 ನಿಮಿಷಕ್ಕೊಮ್ಮೆ ಓಡುವಂತೆ ಹಾಕಿ. ಬ್ಯಾಕಪ್ ಪ್ಲಗಿನ್ ಇದ್ದರೆ ಅದರ ಹೊತ್ತನ್ನೂ ನೋಡಿಕೊಳ್ಳಿ: ಸೆಕೆಂಡಿಗೆ 1 ಎಂಬಿ ಮಿತಿಯಲ್ಲಿ 9 ಜಿಬಿ ಓದುವುದಕ್ಕೇ ಎರಡೂವರೆ ಗಂಟೆ ಬೇಕು, ಅಷ್ಟು ಹೊತ್ತೂ ಸೈಟ್ ತೆವಳುತ್ತದೆ. ಕ್ರಾನ್‌ನಲ್ಲಿ ಹೊತ್ತು ಹಾಕುವಾಗ ಅದು ಸರ್ವರ್‌ನ ಗಡಿಯಾರ ಎಂಬುದು ನೆನಪಿರಲಿ. ಸರ್ವರ್ ಯುಟಿಸಿಯಲ್ಲಿದ್ದರೆ ಅದರ ಮಧ್ಯಾಹ್ನ 12 ಗಂಟೆ ಅಂದರೆ ನಮ್ಮ ಸಂಜೆ 5:30. ನಮ್ಮ ರಾತ್ರಿ 3ಕ್ಕೆ ಓಡಬೇಕಾದರೆ 21:30 ಎಂದು ಹಾಕಬೇಕು.

ಈಗ ಅಪ್‌ಲೋಡ್ ವಿಷಯ. ಇದು ಬಹುತೇಕ ಇನೋಡ್ ಮಿತಿಯೇ ಇರಬೇಕು. ಸಿಪ್ಯಾನೆಲ್‌ನ ಬಲಬದಿಯ ಅಂಕಿಅಂಶಗಳಲ್ಲಿ ‘ಫೈಲ್ ಯೂಸೇಜ್’ ಎಂಬ ಸಾಲು ನೋಡಿ. ಒಂದು ಫೈಲ್ ಅಂದರೆ ಒಂದು ಇನೋಡ್, ಒಂದು ಫೋಲ್ಡರ್ ಅಂದರೂ ಒಂದು. ಗಾತ್ರ 1 ಕೆಬಿಯೋ 1 ಜಿಬಿಯೋ ಎಂಬುದು ಲೆಕ್ಕಕ್ಕಿಲ್ಲ. ಎಣಿಕೆ ಮಿತಿ ಮುಟ್ಟಿದ ಕ್ಷಣದಿಂದ ಹೊಸ ಫೈಲ್ ಹುಟ್ಟುವುದಿಲ್ಲ. ಫೋಟೋ ಏರುವುದಿಲ್ಲ, ಬಂದ ಇಮೇಲ್ ವಾಪಸ್ ಹೋಗುತ್ತದೆ, ಕೆಲವು ಪ್ಲಗಿನ್‌ಗಳು ‘ಡಿಸ್ಕ್ ಕೋಟಾ ಎಕ್ಸೀಡೆಡ್’ ಎನ್ನುತ್ತವೆ. ಈ ಸ್ಥಿತಿಯಲ್ಲಿ ಯಾವ ಪ್ಲಗಿನ್ ಅಥವಾ ವರ್ಡ್‌ಪ್ರೆಸ್ ಅಪ್‌ಡೇಟ್ ಕೂಡ ಒತ್ತಬೇಡಿ. ಹಳೆಯ ಫೈಲ್ ಅಳಿಸಿ ಹೊಸದು ಬರೆಯಲಾಗದೆ ಅರ್ಧಕ್ಕೆ ನಿಂತರೆ ಸೈಟೇ ತೆರೆಯುವುದಿಲ್ಲ.

ಇಷ್ಟು ಫೈಲ್ ಎಲ್ಲಿಂದ ಬಂದವು? ಜೋಗದಲ್ಲಿ ಮಳೆಗಾಲಕ್ಕೆ ತೆಗೆದ 4000 ಪಿಕ್ಸೆಲ್ ಅಗಲದ ಒಂದು ಫೋಟೋ ಏರಿಸಿದರೆ ವರ್ಡ್‌ಪ್ರೆಸ್ ಅದರಿಂದ 150, 300, 768, 1024, 1536, 2048 ಪಿಕ್ಸೆಲ್‌ಗಳ ಪ್ರತಿಗಳನ್ನೂ, 2019ರ 5.3 ಆವೃತ್ತಿಯಿಂದೀಚೆಗೆ 2560ರ ಒಂದು ‘ಸ್ಕೇಲ್ಡ್’ ಪ್ರತಿಯನ್ನೂ ಮಾಡಿಕೊಳ್ಳುತ್ತದೆ. ಮೂಲ ಸೇರಿ 8. ಥೀಮ್ ಮತ್ತು ಬುಕಿಂಗ್ ಪ್ಲಗಿನ್ ತಮ್ಮದೊಂದು ನಾಲ್ಕು ಅಳತೆ ಸೇರಿಸಿದರೆ 12. ದಿನದ ಧಾರಣೆಯನ್ನು 1080 ಪಿಕ್ಸೆಲ್ ಚೌಕದ ಪೋಸ್ಟರ್ ಮಾಡಿ ಹಾಕುವ ಅಭ್ಯಾಸವಿದ್ದರೆ ಒಂದಕ್ಕೆ 5 ಫೈಲ್. ದಿನಕ್ಕೆ 3 ಪೋಸ್ಟರ್‌ನಂತೆ 4 ವರ್ಷಕ್ಕೆ 21,900. ಮೂರು ವರ್ಷದ ಹಿಂದಿನ ದರದ ಪೋಸ್ಟರ್ ಯಾರಿಗೆ ಬೇಕು? ದರ ಟೇಬಲ್‌ನಲ್ಲಿ ಇದ್ದರೆ ಸಾಕು, ಪೋಸ್ಟರನ್ನು ನೇರ ವಾಟ್ಸ್‌ಆ್ಯಪ್‌ಗೆ ಕಳಿಸಿ.

ಆದರೆ ಪಟ್ಟಿಯಲ್ಲಿ ಮೊದಲು ನೋಡಬೇಕಾದ್ದು ಇಮೇಲ್. ಸರ್ವರ್‌ನಲ್ಲಿ ಒಂದೊಂದು ಮೇಲ್ ಒಂದೊಂದು ಫೈಲ್. ‘ಡೀಫಾಲ್ಟ್ ಅಡ್ರೆಸ್’ ಎಂಬಲ್ಲಿ ಯಾವ ಹೆಸರಿಗೆ ಬಂದರೂ ಒಂದೇ ಪೆಟ್ಟಿಗೆಗೆ ಬೀಳುವಂತೆ ಇಟ್ಟಿದ್ದರೆ ಯಾರೂ ತೆರೆಯದ ಆ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಸ್ಪ್ಯಾಮ್ ಕೂತಿರುತ್ತದೆ. ಅದನ್ನು ಖಾಲಿ ಮಾಡಿ, ಸೆಟ್ಟಿಂಗನ್ನು ತಿರಸ್ಕರಿಸುವಂತೆ ಬದಲಿಸಿ. ಆಮೇಲೆ ಫೈಲ್ ಮ್ಯಾನೇಜರ್‌ನ ಕಸದ ಬುಟ್ಟಿ. ಅಳಿಸಿದ್ದು ಅಲ್ಲೇ ಇರುತ್ತದೆ, ಎಣಿಕೆಗೂ ಬರುತ್ತದೆ. ಪ್ರಯೋಗಕ್ಕೆಂದು ಮಾಡಿ ಮರೆತ ಎರಡನೇ ವರ್ಡ್‌ಪ್ರೆಸ್ ಇದ್ದರೆ ಅದರ ಮೂಲ ಫೈಲ್‌ಗಳೇ ಮೂರು ಸಾವಿರದ ಆಸುಪಾಸು. ಬಳಸದ ಥಂಬ್‌ನೇಲ್ ಅಳತೆಗಳನ್ನು ಕೊನೆಯಲ್ಲಿ ಕೈಗೆತ್ತಿಕೊಳ್ಳಿ, ಅದೂ ಪೂರ್ತಿ ಬ್ಯಾಕಪ್ ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಂಡ ಮೇಲೆ. ಕಂಪನಿಯ ದಿನನಿತ್ಯದ ಬ್ಯಾಕಪ್ ಇದೆ ಎಂದು ನಂಬಿ ಕೂರಬೇಡಿ: ಫೈಲ್‌ಗಳ ಸಂಖ್ಯೆ ಇಂತಿಷ್ಟು ದಾಟಿದ ಖಾತೆಯನ್ನು ಬ್ಯಾಕಪ್‌ನಿಂದ ಕೈಬಿಡುತ್ತೇವೆ ಎಂದು ಹಲವು ಕಂಪನಿಗಳ ಷರತ್ತಿನಲ್ಲಿ ಬರೆದೇ ಇರುತ್ತದೆ. ನಿಮ್ಮ ಖಾತೆ ಈಗಾಗಲೇ ಆ ಗೆರೆ ದಾಟಿರಬಹುದು.

ಮೇಲ್ ಕಳಿಸುವುದಕ್ಕೂ ಗಂಟೆಗೆ ಇಷ್ಟೇ ಎಂಬ ಮಿತಿ ಇದೆ. ಹೋಂಸ್ಟೇ ಬುಕಿಂಗ್ ಖಚಿತಪಡಿಸುವ ಮೇಲ್ ರಜಾ ದಿನಗಳಲ್ಲಿ ಕಾಣೆಯಾಗುತ್ತಿದ್ದರೆ ಕಾರಣ ಅದಿರಬಹುದು. ಡೇಟಾಬೇಸ್ ಸಂಪರ್ಕಗಳಿಗೂ ಮಿತಿ ಉಂಟು. ಪಿಎಚ್‌ಪಿ ಕೋರಿಕೆ ಕಡಿಮೆಯಾದರೆ ಅದರ ಕಾಟವೂ ತನ್ನಿಂದ ತಾನೇ ಕಡಿಮೆಯಾಗುತ್ತದೆ.

ಇಷ್ಟಾದ ಮೇಲೂ ಪ್ಲ್ಯಾನ್ ಬದಲಿಸಬೇಕಾಗಬಹುದೇ? ಹೋಂಸ್ಟೇ ಬುಕಿಂಗ್ ಬೆಳೆದು, ಲಾಗಿನ್ ಆಗಿ ದಿನಾಂಕ ಹುಡುಕುವವರೇ ಹೆಚ್ಚಾದರೆ ಹೌದು. ಆ ಪುಟಗಳನ್ನು ಕ್ಯಾಶ್ ಮಾಡಲಾಗದು, ನಿಜವಾದ ಸಿಪಿಯು ಬೇಕು. ಆಗ ಕೂಡ ಹಣ ಕಟ್ಟುವ ಮೊದಲು ಚಾಟ್‌ನಲ್ಲಲ್ಲ, ಟಿಕೆಟ್ ಅಥವಾ ಇಮೇಲ್‌ನಲ್ಲಿ ಹೀಗೆ ಕೇಳಿ: ‘ನನ್ನ ಈಗಿನ ಪ್ಲ್ಯಾನ್‌ನಲ್ಲಿ ಮತ್ತು ನೀವು ಹೇಳುವ ಪ್ಲ್ಯಾನ್‌ನಲ್ಲಿ ಸಿಪಿಯು ಎಷ್ಟು ಕೋರ್, ಮೆಮೊರಿ ಎಷ್ಟು, ಎಂಟ್ರಿ ಪ್ರೋಸೆಸ್, ಓದು-ಬರಹದ ವೇಗ, ಐಓಪಿಎಸ್, ಇನೋಡ್ ಎಷ್ಟೆಷ್ಟು? ಎಷ್ಟು ಇನೋಡ್ ದಾಟಿದರೆ ಬ್ಯಾಕಪ್ ನಿಲ್ಲುತ್ತದೆ? ಗಂಟೆಗೆ ಎಷ್ಟು ಮೇಲ್? ಎರಡನೇ ವರ್ಷದ ದರ ಎಷ್ಟು?’ ಉತ್ತರದಲ್ಲಿ ಡಿಸ್ಕ್ ಮತ್ತು ಡೊಮೇನ್ ಸಂಖ್ಯೆ ಮಾತ್ರ ಹೆಚ್ಚಿದ್ದು ಸಿಪಿಯು, ಮೆಮೊರಿ ಹಾಗೆಯೇ ಇದ್ದರೆ ಆ ಪ್ಲ್ಯಾನ್ ನಿಮಗಲ್ಲ. ‘ಅಂಥ ಮಿತಿ ಏನೂ ಇಲ್ಲ’ ಎಂದು ಬರೆದರೆ ರಿಸೋರ್ಸ್ ಯೂಸೇಜ್ ಪುಟದ ಚಿತ್ರವನ್ನು ಅದೇ ಟಿಕೆಟ್‌ಗೆ ಅಂಟಿಸಿ ಮತ್ತೆ ಕೇಳಿ.

ಮೊದಲು ಈ ವಾರ ಕ್ಯಾಶ್ ಹಾಕಿ, ಕೌಂಟರ್ ತೆಗೆದು, ಮೇಲ್ ಪೆಟ್ಟಿಗೆ ಖಾಲಿ ಮಾಡಿ. ಮುಂದಿನ ವಾರ ಟೆಂಡರ್ ನಡೆದ ದಿನಗಳ ಸಂಜೆಯ ಗ್ರಾಫ್ ನೋಡಿ. ಎಂಟ್ರಿ ಪ್ರೋಸೆಸ್‌ನ ‘ಫಾಲ್ಟ್ಸ್’ (ಎಷ್ಟು ಸಲ ಮಿತಿ ಮುಟ್ಟಿತು ಎಂಬ ಎಣಿಕೆ) ಸೊನ್ನೆಗೆ ಇಳಿದು ಸಿಪಿಯು ಗೆರೆ ಅರ್ಧಕ್ಕಿಂತ ಕೆಳಗಿದ್ದರೆ ಈಗಿನ ಪ್ಲ್ಯಾನ್ ಸಾಕು. ಫಾಲ್ಟ್ಸ್ ಇನ್ನೂ ಬರುತ್ತಿದ್ದರೆ ಆ ಹೊತ್ತಿನ ಸ್ನ್ಯಾಪ್‌ಶಾಟ್‌ನಲ್ಲಿ ಅತಿ ಹೆಚ್ಚು ಸಲ ಬಂದ ವಿಳಾಸ ಯಾವುದೆಂದು ಬರೆದು ಕಳಿಸಿ; ಅದು ಯಾವ ಪ್ಲಗಿನ್‌ನ ಕೆಲಸ ಎಂದು ಹೇಳಬಹುದು.